ಮುಖದಲ್ಲಿ ನಗುವಿಲ್ಲ, ಕಾಲು ಮಾತ್ರ ನಿಲ್ಲೋದಿಲ್ಲ: ಪೆಟ್ ಶಾಪ್ ಬಾಯ್ಸ್ ಹಾಡುಗಳ ಒಳಗುಟ್ಟು

'ವೆಸ್ಟ್ ಎಂಡ್ ಗರ್ಲ್ಸ್' ವಿಡಿಯೋ ಮೊದಲ ಸಲ ನೋಡಿದವರಿಗೆ ಬರುವ ಪ್ರಶ್ನೆ ಒಂದೇ. ಉದ್ದ ಕೋಟು ತೊಟ್ಟ ಒಬ್ಬ ಮನುಷ್ಯ ಲಂಡನ್ ಬೀದಿಯಲ್ಲಿ ಹಾಡುತ್ತಾ ನಡೆಯುತ್ತಿದ್ದಾನೆ, ಸರಿ. ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಸುಮ್ನೆ ಬರುತ್ತಿದ್ದಾನಲ್ಲ, ಆ ಇನ್ನೊಬ್ಬನ ಕೆಲಸ ಏನು? ಹಾಡುವುದಿಲ್ಲ, ಕುಣಿಯುವುದಿಲ್ಲ, ನಗುವುದಂತೂ ಇಲ್ಲವೇ ಇಲ್ಲ. ಗೊತ್ತಿಲ್ಲದವರ ಮದುವೆಗೆ ಅಪ್ಪ ಅಮ್ಮ ಎಳೆದುಕೊಂಡು ಬಂದ ಹುಡುಗನ ಹಾಗೆ ಎತ್ತಲೋ ನೋಡುತ್ತಿರುತ್ತಾನೆ.

ಹಾಡುವವರು ನೀಲ್ ಟೆನೆಂಟ್. ಹಿಂದೆ ಬರುವವರು ಕ್ರಿಸ್ ಲೋ. ಇಬ್ಬರೂ ಸೇರಿದರೆ ಪೆಟ್ ಶಾಪ್ ಬಾಯ್ಸ್. 1981ರಲ್ಲಿ ಕೂಡಿದ ಜೋಡಿ ಇನ್ನೂ ಮುರಿದಿಲ್ಲ. ಬ್ರಿಟನ್ನಿನ ಹಿಟ್ ಪಟ್ಟಿಯ ಮೊದಲ ಹತ್ತರೊಳಗೆ ಇವರ 22 ಹಾಡುಗಳು ಹೋಗಿವೆ, ಅದರಲ್ಲಿ ನಾಲ್ಕಕ್ಕೆ ಮೊದಲ ಸ್ಥಾನವೇ ಸಿಕ್ಕಿದೆ. ಆದರೂ ಇವರ ಮೇಲೆ ಒಂದು ದೂರು ಮೊದಲಿನಿಂದ ಇದೆ: ಎಲ್ಲಾ ಮಷೀನು, ಎಲ್ಲಾ ವ್ಯಂಗ್ಯ, ಭಾವನೆ ಅನ್ನೋದೇ ಇಲ್ಲ ಅಂತ. ನನಗೆ ಇದು ಪೂರ್ತಿ ಉಲ್ಟಾ ಅನ್ನಿಸುತ್ತದೆ. ಇವರ ಹಾಡುಗಳಲ್ಲಿ ಅಳು ಬೇಕಾದಷ್ಟಿದೆ, ಮುಖದ ಮೇಲೆ ಮಾತ್ರ ಇಟ್ಟಿಲ್ಲ. ಎಲ್ಲಿಟ್ಟಿದ್ದಾರೆ ಅಂತ ಒಂದಿಷ್ಟು ಹಾಡುಗಳನ್ನು ಬಿಚ್ಚಿ ನೋಡೋಣ.

ಅದಕ್ಕೂ ಮೊದಲು ಇನ್ನೊಂದು ವಿಷಯ. ಬ್ಯಾಂಡ್ ಅಂದರೆ ನಾಲ್ಕೈದು ಜನ ಇರಬೇಕಲ್ವಾ? ಗಿಟಾರಿಗೊಬ್ಬ, ಡ್ರಮ್ಮಿಗೊಬ್ಬ, ಹಾಡಲಿಕ್ಕೊಬ್ಬ. ಆದರೆ 1980ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ಇಬ್ಬಿಬ್ಬರೇ ಇರುವ ಗುಂಪುಗಳು ಒಂದರ ಹಿಂದೆ ಒಂದು ಬಂದವು. ಸಾಫ್ಟ್ ಸೆಲ್, ಯಾಜೂ, ಯೂರಿತ್ಮಿಕ್ಸ್, ಸ್ವಲ್ಪ ತಡವಾಗಿ ಇರೇಶರ್. ಇದಕ್ಕೆ ಕಾರಣ ವಾದ್ಯದಂಗಡಿಯಲ್ಲಿತ್ತು. ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್, ಅಂದರೆ ಸಿಂಥಸೈಜರ್, ಅದರ ಬೆಲೆ ಇಳಿದಿತ್ತು. ಡ್ರಮ್ ಮಷೀನ್ ಬಂದಿತ್ತು, ತಾಳವನ್ನು ಒಮ್ಮೆ ಕೂಡಿಸಿಟ್ಟರೆ ಬೆಳಗಿನ ತನಕ ದಣಿಯದೆ ಬಾರಿಸುತ್ತದೆ. ಸ್ಯಾಂಪ್ಲರ್ ಅಂತ ಇನ್ನೊಂದು ಬಂತು: ಯಾವ ಶಬ್ದವನ್ನಾದರೂ ಅದಕ್ಕೆ ತುಂಬಿಸಿ, ಕೀಬೋರ್ಡಿನ ಒಂದೊಂದು ಮನೆಯಲ್ಲಿ ಒಂದೊಂದು ಸ್ವರವಾಗಿ ನುಡಿಸಬಹುದು, ಅದು ಪಿಟೀಲಿರಲಿ, ಕೋರಸ್ ದನಿಯಿರಲಿ, ಬಾಗಿಲು ಬಡಿದ ಸದ್ದೇ ಇರಲಿ. 1983ರಲ್ಲಿ ಮಿಡಿ ಅನ್ನುವ ಹೊಂದಾಣಿಕೆ ಜಾರಿಗೆ ಬಂದಮೇಲೆ ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದು ತಂತಿಯಲ್ಲಿ ಒಂದಕ್ಕೊಂದು ಮಾತಾಡತೊಡಗಿದವು. ಇಷ್ಟಾದ ಮೇಲೆ ಐದು ಜನ ಯಾಕೆ? ಮಾತು ಬರೆದು ಹಾಡುವವನೊಬ್ಬ, ಮಷೀನುಗಳ ಮುಂದೆ ಕೂರುವವನೊಬ್ಬ ಇದ್ದರೆ ಬ್ಯಾಂಡ್ ಆಯಿತು. ಜಗಳಕ್ಕೂ ಜನ ಕಡಿಮೆ.

ಟೆನೆಂಟ್ ಮತ್ತು ಲೋ ಭೇಟಿಯಾದದ್ದು ಕೂಡ ಒಂದು ಅಂಗಡಿಯಲ್ಲೇ. 1981ರ ಆಗಸ್ಟ್ 19, ಲಂಡನ್ನಿನ ಚೆಲ್ಸಿಯ ಕಿಂಗ್ಸ್ ರೋಡಿನ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ. ಟೆನೆಂಟ್‌ಗೆ 27 ವರ್ಷ, ಲೋಗೆ 21. ಟೆನೆಂಟ್ ಇಂಗ್ಲೆಂಡಿನ ಈಶಾನ್ಯ ಮೂಲೆಯ ನಾರ್ತ್ ಶೀಲ್ಡ್ಸ್ ಊರಿನವರು. ಇತಿಹಾಸ ಓದಿ, ಲಂಡನ್ನಿನ ಮಾರ್ವೆಲ್ ಕಾಮಿಕ್ಸ್ ಕಚೇರಿಯಲ್ಲಿ ಅಮೆರಿಕದ ಕಾಗುಣಿತವನ್ನು ಬ್ರಿಟಿಷ್ ಕಾಗುಣಿತಕ್ಕೆ ತಿದ್ದುವ ಕೆಲಸ ಮಾಡಿದ್ದರು. ಮುಂದೆ 'ಸ್ಮ್ಯಾಶ್ ಹಿಟ್ಸ್' ಅನ್ನುವ ಪಾಪ್ ಪತ್ರಿಕೆಗೆ ಸೇರಿದರು. ಲೋ ಬ್ಲ್ಯಾಕ್‌ಪೂಲ್‌ನವರು, ಲಿವರ್‌ಪೂಲ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದರು. ಓದಿನ ಭಾಗವಾಗಿ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುವಾಗ ಮಿಲ್ಟನ್ ಕೀನ್ಸ್ ಊರಿನ ಕಟ್ಟಡವೊಂದಕ್ಕೆ ಮೆಟ್ಟಿಲು ವಿನ್ಯಾಸ ಮಾಡಿದ್ದರು. ಪಾಪ್ ತಾರೆಯೊಬ್ಬರು ಮಾಡಿದ ಮೆಟ್ಟಿಲನ್ನು ಹತ್ತಬೇಕೆಂದರೆ ಅಲ್ಲಿಗೇ ಹೋಗಬೇಕು.

ಮೊದಲು ಇಟ್ಟುಕೊಂಡ ಹೆಸರು 'ವೆಸ್ಟ್ ಎಂಡ್'. ಲಂಡನ್ನಿನ ಈಲಿಂಗ್‌ನಲ್ಲಿ ಸಾಕುಪ್ರಾಣಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರಿಂದ ಆಮೇಲಿನ ಹೆಸರು ಬಂತು. ಅದಕ್ಕೆ ಜಾಸ್ತಿ ಅರ್ಥ ಹುಡುಕಬೇಡಿ.

ಇಲ್ಲಿಂದ ಕತೆ ನ್ಯೂಯಾರ್ಕಿಗೆ ಹೋಗುತ್ತದೆ. ಇಬ್ಬರಿಗೂ ಬಾಬಿ ಆರ್ಲಾಂಡೋ ಅನ್ನುವ ಡಿಸ್ಕೋ ನಿರ್ಮಾಪಕನ ಹುಚ್ಚು. 1983ರಲ್ಲಿ 'ದಿ ಪೊಲೀಸ್' ಬ್ಯಾಂಡಿನ ಬಗ್ಗೆ ಬರೆಯಲು ಪತ್ರಿಕೆಯವರು ಟೆನೆಂಟ್‌ರನ್ನು ನ್ಯೂಯಾರ್ಕಿಗೆ ಕಳಿಸಿದರು. ಹೋದವರು ಆರ್ಲಾಂಡೋರನ್ನೂ ಊಟಕ್ಕೆ ಕರೆದು ನಮ್ಮದೂ ಒಂದಿಷ್ಟು ಹಾಡುಗಳಿವೆ ಅಂದರು. ಪತ್ರಿಕೆಯ ಖರ್ಚಿನಲ್ಲಿ ಹೋಗಿ ಸ್ವಂತ ಕೆಲಸ ಮಾಡಿಕೊಂಡು ಬಂದರು ಅನ್ನಿ. 'ವೆಸ್ಟ್ ಎಂಡ್ ಗರ್ಲ್ಸ್' ಹಾಡಿನ ಮೊದಲ ರೂಪ 1984ರಲ್ಲಿ ಹೊರಬಂದದ್ದು ಹೀಗೆ. ಕೆಲವು ಕ್ಲಬ್ಬುಗಳಲ್ಲಿ ಓಡಿತು, ಬ್ರಿಟನ್ನಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. 1985ರಲ್ಲಿ ಪಾರ್ಲೋಫೋನ್ ಅನ್ನುವ ರೆಕಾರ್ಡ್ ಕಂಪನಿ ಇವರನ್ನು ತೆಗೆದುಕೊಂಡಿತು. ಹಳೆಯ ಒಪ್ಪಂದದಿಂದ ಬಿಡಿಸಿಕೊಳ್ಳಲು ಮುಂದೆ ಬರುವ ಗಳಿಕೆಯಲ್ಲಿ ಆರ್ಲಾಂಡೋಗೆ ಪಾಲು ಕೊಡಬೇಕಾಯಿತು. ಅದೇ ಹಾಡನ್ನು ಸ್ಟೀಫನ್ ಹೇಗ್ ಅನ್ನುವ ನಿರ್ಮಾಪಕರ ಜೊತೆ ಮತ್ತೆ ಮಾಡಿದರು. 1986ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಮೇ ತಿಂಗಳಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನ.

ಒಂದೇ ಹಾಡು ಒಮ್ಮೆ ಬಿದ್ದು ಇನ್ನೊಮ್ಮೆ ಯಾಕೆ ಎದ್ದಿತು? ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಮೊದಲಿನದು ಓಡುತ್ತದೆ. ಹೇಗ್ ಅದನ್ನು ನಡಿಗೆಯ ವೇಗಕ್ಕೆ ಇಳಿಸಿದರು. ಶುರುವಿನಲ್ಲಿ ಬೀದಿಯ ಗದ್ದಲ, ಹೆಜ್ಜೆ ಸಪ್ಪಳ, ಆಮೇಲೆ ಬೆನ್ನ ಹಿಂದೆ ಯಾರೋ ಬರುತ್ತಿರುವಂಥ ಬೇಸ್ ವಾದ್ಯದ ತಗ್ಗು ದನಿ. ಕೇಳುವವರು ರಾತ್ರಿಯ ಪೇಟೆಯಲ್ಲಿ ಒಬ್ಬರೇ ನಡೆಯುತ್ತಿರುತ್ತಾರೆ. ವೆಸ್ಟ್ ಎಂಡ್ ಅಂದರೆ ನಾಟಕಶಾಲೆ, ಕ್ಲಬ್ಬು, ದುಬಾರಿ ಅಂಗಡಿಗಳ ಲಂಡನ್. ಈಸ್ಟ್ ಎಂಡ್ ಅಂದರೆ ಬಂದರಿನ ಕೂಲಿಗಳ, ಬಡವರ ಲಂಡನ್. ಆ ಕಡೆಯ ಹುಡುಗರು, ಈ ಕಡೆಯ ಹುಡುಗಿಯರು, ನಡುವೆ ಒಂದು ಊರಷ್ಟು ದೂರ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಗುಂಪಿನ ರ‍್ಯಾಪ್ ಹಾಡು 'ದಿ ಮೆಸೇಜ್' ಕೇಳಿ ಟೆನೆಂಟ್‌ಗೆ ಹೀಗೆ ಮಾತಿನಲ್ಲೇ ಹಾಡು ಕಟ್ಟುವ ಆಸೆ ಹುಟ್ಟಿತ್ತು. ಆದರೆ ಅಮೆರಿಕದವರ ಧಾಟಿ ಹಿಡಿಯಲಿಲ್ಲ, ತನ್ನದೇ ಇಂಗ್ಲಿಷ್ ಉಚ್ಚಾರಣೆಯಲ್ಲಿ, ರೇಡಿಯೋ ವಾರ್ತೆ ಓದುವವರ ಹಾಗೆ ಹೇಳಿಬಿಟ್ಟರು. ಹಲವು ದನಿಗಳನ್ನು ಬೆರೆಸುವ ಉಪಾಯ ಟಿ. ಎಸ್. ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಕವಿತೆಯದು. ಮಧ್ಯದಲ್ಲಿ ಫಿನ್ಲೆಂಡ್ ಸ್ಟೇಷನ್ ಅನ್ನುವ ಹೆಸರು ಬರುತ್ತದೆ. 1917ರಲ್ಲಿ ಸ್ವಿಟ್ಜರ್ಲೆಂಡಿನಿಂದ ಹೊರಟ ಲೆನಿನ್ ರಷ್ಯಾದಲ್ಲಿ ರೈಲಿಳಿದ ಜಾಗ ಅದು. ಕ್ಲಬ್ಬಿನಲ್ಲಿ ಕುಣಿಯುವ ಹಾಡಿನಲ್ಲಿ ಲೆನಿನ್‌ಗೆ ಏನು ಕೆಲಸ ಅಂತ ಕೇಳಬಹುದು. ಗೊತ್ತಾಗದಿದ್ದರೂ ಹಾಡು ಕೆಡುವುದಿಲ್ಲ, ಗೊತ್ತಾದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಇದು ಇವರ ಮೊದಲ ಗುಟ್ಟು.

ಎರಡನೆಯದು ಎಲ್ಲರೂ ಎಡವುವ ಗುಟ್ಟು. ಪಾಪ್ ಹಾಡಿನಲ್ಲಿ 'ನಾನು' ಅಂದಾಗ ಹಾಡುವವರೇ ಅದು ಅಂದುಕೊಳ್ಳುತ್ತೇವೆ. ಟೆನೆಂಟ್ ಹಾಡುಗಳಲ್ಲಿ 'ನಾನು' ಬಹಳ ಸಲ ನಾಟಕದ ಪಾತ್ರ. 'ಆಪರ್ಚುನಿಟೀಸ್' ತಗೊಳ್ಳಿ. ನಿನ್ನ ಹತ್ತಿರ ತೋಳ್ಬಲ, ನನ್ನ ಹತ್ತಿರ ಬುದ್ಧಿ, ಬಾ ದುಡ್ಡು ಮಾಡೋಣ ಅಂತ ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ. ಮಾರ್ಗರೆಟ್ ಥ್ಯಾಚರ್ ಕಾಲದ ಬ್ರಿಟನ್, ದುಡ್ಡೇ ದೊಡ್ಡಪ್ಪ ಅನ್ನುವ ಗಾಳಿ ಜೋರಾಗಿ ಬೀಸುತ್ತಿದ್ದ ಹೊತ್ತು. ಇವರೂ ಹಾಗೇ ದುರಾಸೆಯವರು ಅಂತ ಕೆಲವರು ಬೈದರು. ಸರಿಯಾಗಿ ಕೇಳಿದರೆ ಗೊತ್ತಾಗುತ್ತದೆ, ಈ ಮಹಾಶಯನಿಗೆ ಜನ್ಮದಲ್ಲಿ ದುಡ್ಡು ಆಗುವುದಿಲ್ಲ. ತಾನು ಓದಿದ್ದು, ತನಗೆ ಬರುವ ವಿದ್ಯೆ ಅಂತ ಕೊಚ್ಚಿಕೊಳ್ಳುವುದೇ ಜಾಸ್ತಿ. 'ಶಾಪಿಂಗ್' ಹಾಡೂ ಇಂಥದ್ದೇ. ಮೇಲ್ನೋಟಕ್ಕೆ ಪೇಟೆ ಸುತ್ತುವ ಖುಷಿ, ಒಳಗೆ ಇರುವುದು ಸರ್ಕಾರಿ ಉದ್ದಿಮೆಗಳನ್ನು ಒಂದೊಂದಾಗಿ ಖಾಸಗಿಯವರಿಗೆ ಮಾರುತ್ತಿದ್ದ ವಿಷಯ. ಭಾಷಣ ಮಾಡದೆ, ಗಿರಾಕಿಯ ಬಾಯಲ್ಲೇ ಹೇಳಿಸಿದರು.

'ರೆಂಟ್' ಇವೆರಡಕ್ಕಿಂತ ಮೇಲು. ಬೇರೆಯವರ ದುಡ್ಡಿನಲ್ಲಿ ಬದುಕುವ ವ್ಯಕ್ತಿಯೊಬ್ಬರ ಮಾತು ಅದು. ಅವರಿಗೆ ಬಟ್ಟೆ ಬರೆ, ಊಟ, ಬಾಡಿಗೆ ಎಲ್ಲಾ ಆ ಪ್ರೇಮಿಯಿಂದಲೇ. ಇದು ಪ್ರೀತಿಯೋ, ಲೆಕ್ಕಾಚಾರವೋ? ಹಾಡು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಸುಮ್ಮನಾಗುತ್ತದೆ. ಟೆನೆಂಟ್ ದನಿ ತೆಳು, ಭಾರ ಹಾಕಿ ಹಾಡುವ ಗಂಟಲೇ ಅಲ್ಲ. ಅದಕ್ಕೇ ಇಲ್ಲಿ ಅದು ಕೆಲಸ ಮಾಡುತ್ತದೆ. ಗದ್ಗದ ಕಂಠದಲ್ಲಿ ಹಾಡಿದ್ದರೆ ತೀರ್ಪು ಬಂದುಬಿಡುತ್ತಿತ್ತು. ಹಾಡುವವರು ಅಳದೇ ಇದ್ದಾಗ ಅಳಬೇಕೋ ಬೇಡವೋ ಅನ್ನುವುದು ಕೇಳುವವರ ಪಾಲಿಗೆ ಬರುತ್ತದೆ.

ಹಾಗಂತ ಎಲ್ಲಾ ಹಾಡುಗಳೂ ತಣ್ಣಗೆ ಅಂದುಕೊಳ್ಳಬೇಡಿ. 1987ರ 'ಇಟ್ಸ್ ಎ ಸಿನ್' ಕೇಳಿದರೆ ಸಿಡಿಲು ಹೊಡೆದ ಹಾಗೆ. ಟೆನೆಂಟ್ ನ್ಯೂಕ್ಯಾಸಲ್‌ನ ಸೇಂಟ್ ಕತ್ಬರ್ಟ್ಸ್ ಅನ್ನುವ ಕ್ಯಾಥೊಲಿಕ್ ಶಾಲೆಯಲ್ಲಿ ಓದಿದವರು. ಮಾಡಿದ್ದೆಲ್ಲಾ ಪಾಪ, ಮಾಡಬೇಕೆಂದದ್ದೂ ಪಾಪ ಅನ್ನುವ ಹುಡುಗನ ಹಾಡು ಇದು. ಲಂಡನ್ನಿನ ಬ್ರಾಂಪ್ಟನ್ ಒರೆಟರಿ ಚರ್ಚಿನೊಳಗಿನ ಸದ್ದನ್ನು ಹಿಡಿದು ತಂದು ಸೇರಿಸಿದ್ದಾರೆ, ಕೊನೆಯಲ್ಲಿ ಟೆನೆಂಟ್ ಲ್ಯಾಟಿನ್ ಭಾಷೆಯ ತಪ್ಪೊಪ್ಪಿಗೆಯ ಪ್ರಾರ್ಥನೆ ಹೇಳುತ್ತಾರೆ. ಮೇಲೆ ಗುಡುಗು, ಆರ್ಕೆಸ್ಟ್ರಾ ಹೊಡೆತ, ಓಡುವ ಡಿಸ್ಕೋ ತಾಳ, ಯಾವುದರಲ್ಲೂ ಮಿತಿ ಅನ್ನೋದಿಲ್ಲ. ಅತಿಯಾಯಿತು ಅನ್ನುವವರಿದ್ದಾರೆ. ನನಗಂತೂ ಅತಿಯೇ ಅಲ್ಲಿನ ಮಜಾ, ಹದಿನಾಲ್ಕರ ಹುಡುಗನಿಗೆ ಪಾಪ ಕಂಡದ್ದೂ ಅಷ್ಟೇ ದೊಡ್ಡದಾಗಿರಬೇಕಲ್ಲ. ವಿಡಿಯೋ ಮಾಡಿದವರು ಡೆರೆಕ್ ಜಾರ್ಮನ್, ಕಲಾ ಸಿನಿಮಾದ ದೊಡ್ಡ ಹೆಸರು. ಹಾಡು ಮೂರು ವಾರ ಮೊದಲ ಸ್ಥಾನದಲ್ಲಿತ್ತು. 2021ರಲ್ಲಿ ಏಡ್ಸ್ ಕಾಲದ ಲಂಡನ್ ಬಗ್ಗೆ ಬಂದ ಟಿವಿ ಸರಣಿಯೊಂದು ಇದೇ ಹೆಸರು ಇಟ್ಟುಕೊಂಡಿತು.

1987ರಲ್ಲೇ 'ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್' ಕೂಡ ಬಂತು. ಇಲ್ಲಿ ಜೊತೆಗೆ ಹಾಡಿದವರು ಡಸ್ಟಿ ಸ್ಪ್ರಿಂಗ್‌ಫೀಲ್ಡ್. 1960ರ ದಶಕದಲ್ಲಿ ಬ್ರಿಟನ್ನಿನ ಅತಿ ದೊಡ್ಡ ದನಿಗಳಲ್ಲಿ ಒಂದು, 80ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಮರೆತೇ ಹೋಗಿದ್ದರು. ಅವರೇ ಬೇಕು ಅಂತ ಇಬ್ಬರೂ ಹಟ ಹಿಡಿದರು. ಟೆನೆಂಟ್ ಮಾತಾಡಿದ ಹಾಗೆ ಹಾಡುತ್ತಾ ಬರುತ್ತಾರೆ, ಪಲ್ಲವಿಗೆ ಡಸ್ಟಿ ದನಿ ಎದ್ದಾಗ ಕತ್ತಲೆ ಕೋಣೆಯ ಕಿಟಕಿ ಯಾರೋ ಸರ್ರನೆ ತೆಗೆದ ಹಾಗೆ ಆಗುತ್ತದೆ. ಬ್ರಿಟನ್, ಅಮೆರಿಕ ಎರಡೂ ಕಡೆ ಎರಡನೇ ಸ್ಥಾನ ಸಿಕ್ಕಿತು. ಅದಕ್ಕಿಂತ ಮುಖ್ಯ, ಡಸ್ಟಿ ಮತ್ತೆ ಹಾಡತೊಡಗಿದರು, ಅವರ ಮುಂದಿನ ಕೆಲವು ಹಾಡುಗಳನ್ನೂ ಇವರೇ ಬರೆದರು. ಅಮೆರಿಕದ ಗಾಯಕಿ, ನಟಿ ಲೈಜಾ ಮಿನೆಲಿಗೂ 1989ರಲ್ಲಿ ಒಂದು ಪೂರ್ತಿ ಆಲ್ಬಮ್ ಮಾಡಿಕೊಟ್ಟರು.

ಇನ್ನು ಬೇರೆಯವರ ಹಾಡುಗಳನ್ನು ತಮ್ಮದು ಮಾಡಿಕೊಳ್ಳುವ ವಿದ್ಯೆ. 'ಆಲ್ವೇಸ್ ಆನ್ ಮೈ ಮೈಂಡ್' ಎಲ್ವಿಸ್ ಪ್ರೆಸ್ಲಿ ಹಾಡಿದ್ದ ಹಾಡು. ಎಲ್ವಿಸ್ ತೀರಿಕೊಂಡ ಹತ್ತನೇ ವರ್ಷಕ್ಕೆ ಟಿವಿಯವರು ಕೇಳಿದಾಗ ಇವರು ಅದನ್ನು ಆರಿಸಿಕೊಂಡರು. ನಿನ್ನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ, ಆದರೂ ನೀನು ಸದಾ ಮನಸ್ಸಿನಲ್ಲಿದ್ದೆ ಅನ್ನುವ ಹಾಡು. ಎಲ್ವಿಸ್ ಹಾಡಿದಾಗ ಅದು ನಿಜವಾದ ಪಶ್ಚಾತ್ತಾಪ, ನಂಬಲೇಬೇಕು. ಇವರು ಅದನ್ನೇ ಕುಣಿಯುವ ತಾಳಕ್ಕೆ ಹಾಕಿ, ಟೆನೆಂಟ್ ತಣ್ಣಗಿನ ದನಿಯಲ್ಲಿ ಹೇಳಿದಾಗ ಸಣ್ಣ ಅನುಮಾನ ಶುರುವಾಗುತ್ತದೆ. ಈ ಮನುಷ್ಯ ನಿಜಕ್ಕೂ ನೊಂದಿದ್ದಾನಾ, ಸುಮ್ನೆ ನೆಪ ಹೇಳುತ್ತಿದ್ದಾನಾ? ಮಾತುಗಳು ಹೆಚ್ಚುಕಡಿಮೆ ಅವೇ, ಹಾಡಿನ ಅರ್ಥ ಮಾತ್ರ ತಿರುಗಿಬಿಟ್ಟಿತು. 1987ರ ಕ್ರಿಸ್‌ಮಸ್ ವಾರದಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. 1988ರ 'ಹಾರ್ಟ್' ಕೂಡ ಅಲ್ಲಿಗೇ ಹೋಯಿತು. ಅದು ಸಾದಾ ಪ್ರೇಮಗೀತೆ, ಚೆನ್ನಾಗಿದೆ, ಅಷ್ಟೇ.

ಆ ವರ್ಷದ ಕೊನೆಗೆ 'ಡಾಮಿನೋ ಡ್ಯಾನ್ಸಿಂಗ್' ಏಳನೇ ಸ್ಥಾನಕ್ಕೆ ನಿಂತಾಗ ನಮ್ಮ ಸಾಮ್ರಾಜ್ಯದ ಕಾಲ ಮುಗಿಯಿತು ಅಂತ ಟೆನೆಂಟ್‌ಗೆ ಅನ್ನಿಸಿತಂತೆ. ಮುಟ್ಟಿದ್ದೆಲ್ಲಾ ಚಿನ್ನವಾಗುವ ಆ ಅವಧಿಗೆ ಅವರಿಟ್ಟ 'ಇಂಪೀರಿಯಲ್ ಫೇಸ್' ಅನ್ನುವ ಹೆಸರನ್ನು ಈಗ ಪಾಪ್ ಬಗ್ಗೆ ಬರೆಯುವವರೆಲ್ಲಾ ಬಳಸುತ್ತಾರೆ. ತನ್ನ ಇಳಿಗಾಲವನ್ನು ತಾನೇ ಪತ್ರಕರ್ತನ ಹಾಗೆ ದಾಖಲಿಸಿಕೊಂಡವರು ಇನ್ಯಾರಿದ್ದಾರೆ! ಅಮೆರಿಕದಲ್ಲಿ ಮಾತ್ರ ನಿಜವಾಗಿಯೂ ಇಳಿಮುಖವಾಯಿತು, ಅಲ್ಲಿ ಮತ್ತೆ ಮೊದಲ ಹತ್ತಕ್ಕೆ ಹೋಗಲೇ ಇಲ್ಲ.

ಆದರೆ ನನ್ನ ಪ್ರಕಾರ ಇವರ ಒಳ್ಳೆಯ ಕೆಲಸ ಸಾಮ್ರಾಜ್ಯ ಹೋದ ಮೇಲೆಯೇ ಬಂದದ್ದು. 1990ರ 'ಬಿಹೇವಿಯರ್' ಆಲ್ಬಮ್ ಮಾಡಲು ಮ್ಯೂನಿಕ್‌ಗೆ, ಸಂಗೀತ ನಿರ್ಮಾಪಕ ಹೆರಾಲ್ಡ್ ಫಾಲ್ಟರ್‌ಮೇಯರ್ ಹತ್ತಿರ ಹೋದರು, ಅವರಲ್ಲಿದ್ದ ಹಳೆಯ ಕಾಲದ ಅನಲಾಗ್ ಸಿಂಥಸೈಜರ್‌ಗಳಿಗಾಗಿ. ಡಿಜಿಟಲ್ ವಾದ್ಯದ ದನಿ ಗಾಜಿನ ಹಾಗೆ, ಅನಲಾಗ್ ದನಿ ಉಣ್ಣೆಯ ಹಾಗೆ. ಆ ಆಲ್ಬಮ್ಮಿನ ಮೊದಲ ಹಾಡು 'ಬೀಯಿಂಗ್ ಬೋರಿಂಗ್'. ಒಂದೇ ಹಾಡು ಕೇಳಲು ಸಮಯ ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಮೂರು ಚರಣ ಇವೆ. ಮೊದಲನೆಯದರಲ್ಲಿ ಹಳೆಯ ಫೋಟೋಗಳು, ಹರೆಯದ ಪಾರ್ಟಿಯೊಂದರ ಆಮಂತ್ರಣ, ಅದರಲ್ಲಿ 1920ರ ದಶಕದ ಲೇಖಕಿ ಜೆಲ್ಡಾ ಫಿಟ್ಜೆರಾಲ್ಡ್ ಬರೆದ ಸಾಲು: ಅವಳಿಗೆ ಬೇಜಾರೇ ಆಗುತ್ತಿರಲಿಲ್ಲ, ಯಾಕೆಂದರೆ ಅವಳೇ ಬೇಜಾರಿನವಳಾಗಿರಲಿಲ್ಲ ಅನ್ನುವ ಅರ್ಥದ್ದು. ಎರಡನೆಯದರಲ್ಲಿ 1970ರ ದಶಕ, ಹುಡುಗ ಚೀಲ ಹೆಗಲಿಗೇರಿಸಿ ಊರು ಬಿಟ್ಟು ರೈಲು ಹತ್ತುತ್ತಾನೆ. ಮೂರನೆಯದು 1990ರ ದಶಕ, ಈಗ. ಆಗ ಜೊತೆಗಿದ್ದವರಲ್ಲಿ ಕೆಲವರು ಇದ್ದಾರೆ, ಕೆಲವರು ಇಲ್ಲ. ನ್ಯೂಕ್ಯಾಸಲ್‌ನಿಂದ ಟೆನೆಂಟ್ ಜೊತೆ ಬೆಳೆದ ಗೆಳೆಯನೊಬ್ಬ ಏಡ್ಸ್‌ನಿಂದ ತೀರಿಕೊಂಡಿದ್ದ. ಆ ಕಾಯಿಲೆಯ ಹೆಸರು ಹಾಡಿನಲ್ಲಿ ಎಲ್ಲೂ ಇಲ್ಲ, ಸಾವು ಅನ್ನುವ ಪದವೂ ಇಲ್ಲ. ನಾನು ಇಷ್ಟೆಲ್ಲಾ ಆದೆ, ನೀನು ಎಲ್ಲೋ ಇಲ್ಲೇ ಪಕ್ಕದಲ್ಲಿ ಇರುತ್ತೀಯ ಅಂದುಕೊಂಡಿದ್ದೆ ಅನ್ನುವ ಧಾಟಿಯ ಮಾತೊಂದು ಬರುತ್ತದೆ. ಅದನ್ನೂ ಅದೇ ತೆಳು ದನಿಯಲ್ಲಿ, ಬಸ್ಸಿನ ಸಮಯ ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ. ಕೆಳಗೆ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು, ಮಾತ್ರ ನೆಲ ಸಿಗದವರ ಹಾಗೆ ಜಾಗ ಬದಲಿಸುತ್ತಲೇ ಇರುತ್ತವೆ. ಮುಖದಲ್ಲಿ ಇಲ್ಲದ ಅಳು ಎಲ್ಲಿದೆ ಅಂತ ಆಗ ಕೇಳಿದೆವಲ್ಲ, ಇಲ್ಲಿದೆ. ಮಾತು ತಡೆದದ್ದನ್ನು ರಾಗ ಹೊರಗೆ ಬಿಡುತ್ತದೆ. ಹಿಂದೆ ಸುಮ್ಮನೆ ನಿಂತ ಆ ಇನ್ನೊಬ್ಬರು ಮಾಡುವ ಕೆಲಸ ಏನು ಅನ್ನುವುದಕ್ಕೂ ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ.

ಈ ಹಾಡು ಬ್ರಿಟನ್ನಿನಲ್ಲಿ 20ನೇ ಸ್ಥಾನಕ್ಕೆ ನಿಂತಿತು. ಆ ಕಾಲದ ಇವರ ಲೆಕ್ಕದಲ್ಲಿ ಅದು ಸೋಲು.

ಸಾವಿನ ನೆರಳು ಇನ್ನೊಂದು ಹಾಡಿನ ಮೇಲೂ ಇದೆ, ಅದನ್ನು ಫುಟ್‌ಬಾಲ್ ಮೈದಾನದಲ್ಲಿ ಅರಚುವ ಹತ್ತರಲ್ಲಿ ಒಂಬತ್ತು ಜನಕ್ಕೆ ಆ ಕತೆ ಗೊತ್ತಿರಲಿಕ್ಕಿಲ್ಲ. 'ಗೋ ವೆಸ್ಟ್' ಮೂಲದಲ್ಲಿ ವಿಲೇಜ್ ಪೀಪಲ್ ಅನ್ನುವ ಅಮೆರಿಕದ ಡಿಸ್ಕೋ ಗುಂಪಿನ 1979ರ ಹಾಡು. ಪಶ್ಚಿಮಕ್ಕೆ ಹೋಗೋಣ ಅಂದರೆ ಸ್ಯಾನ್ ಫ್ರಾನ್ಸಿಸ್ಕೋಗೆ, ಸಲಿಂಗಿಗಳು ತಲೆಯೆತ್ತಿ ಬದುಕಬಹುದಾದ ಊರಿಗೆ. ಆಮೇಲೆ ಏಡ್ಸ್ ಬಂತು, ಆ ಕನಸಿನ ಊರನ್ನೇ ಜೋರಾಗಿ ಬಡಿಯಿತು. 1992ರಲ್ಲಿ ಮ್ಯಾಂಚೆಸ್ಟರಿನ ಹಸಿಯೆಂಡಾ ಕ್ಲಬ್ಬಿನಲ್ಲಿ ಏಡ್ಸ್ ಸಹಾಯಾರ್ಥ ಕಾರ್ಯಕ್ರಮಕ್ಕೆ ಜಾರ್ಮನ್ ಕರೆದಾಗ ಲೋ ಈ ಹಾಡು ಮಾಡೋಣ ಅಂದರು. 1993ರಲ್ಲಿ ಗಂಡಸರ ದೊಡ್ಡ ಕೋರಸ್ ಕೂಡಿಸಿ ರೆಕಾರ್ಡ್ ಮಾಡಿದರು, ವಿಡಿಯೋದಲ್ಲಿ ಮಾಸ್ಕೋದ ಕೆಂಪು ಚೌಕ. ಸೋವಿಯತ್ ಒಕ್ಕೂಟ ಒಡೆದು ಇನ್ನೂ ಎರಡು ವರ್ಷ ಆಗಿರಲಿಲ್ಲ, ಹಾಗಾಗಿ ಪಶ್ಚಿಮಕ್ಕೆ ಹೋಗೋಣ ಅನ್ನುವುದಕ್ಕೆ ಮೂರನೇ ಅರ್ಥ ಬಂತು. ನಾಲ್ಕನೆಯದನ್ನು ಕೊಟ್ಟವರು ಲಂಡನ್ನಿನ ಫುಟ್‌ಬಾಲ್ ತಂಡ ಆರ್ಸೆನಲ್‌ನ ಅಭಿಮಾನಿಗಳು, ಅದೇ ರಾಗಕ್ಕೆ 'ಒನ್ ನಿಲ್ ಟು ದಿ ಆರ್ಸೆನಲ್', ಅಂದರೆ ಒಂದು ಸೊನ್ನೆ, ಗೆಲುವು ಆರ್ಸೆನಲ್‌ಗೆ, ಅಂತ ಹಾಡತೊಡಗಿದರು.

ಈ ಹಾಡಿರುವ 'ವೆರಿ' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದ ಇವರ ಒಂದೇ ಆಲ್ಬಮ್, ಮೈತುಂಬಾ ಗುಬುಟುಗಳಿದ್ದ ಅದರ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಡಬ್ಬಿಯೇ ಒಂದು ಆಟಿಕೆಯ ಹಾಗಿತ್ತು. ಅಂದ ಹಾಗೆ ಆಲ್ಬಮ್ ಹೆಸರುಗಳೆಲ್ಲಾ ಒಂದೇ ಪದ: 'ಪ್ಲೀಸ್', 'ಆ್ಯಕ್ಚುವಲಿ', 'ಇಂಟ್ರೊಸ್ಪೆಕ್ಟಿವ್', ಹೀಗೆ. ಮೊದಲನೆಯದಕ್ಕೆ ಆ ಹೆಸರು ಯಾಕೆಂದರೆ, ಅಂಗಡಿಗೆ ಹೋಗಿ ಪೆಟ್ ಶಾಪ್ ಬಾಯ್ಸ್ ಆಲ್ಬಮ್ ಕೊಡಿ, 'ಪ್ಲೀಸ್' ಅಂತ ಜನ ಕೇಳಲಿ ಅಂತ. ಟೆನೆಂಟ್ ತಾನು ಸಲಿಂಗಿ ಎಂದು 1994ರಲ್ಲಿ ಒಂದು ಪತ್ರಿಕೆಗೆ ಬಹಿರಂಗವಾಗಿ ಹೇಳಿದರು. ಹಾಡುಗಳನ್ನು ಗಮನವಿಟ್ಟು ಕೇಳಿದವರಿಗೆ ಅದು ಸುದ್ದಿಯೇ ಆಗಿರಲಿಲ್ಲ.

ಆಮೇಲಿನ ವರ್ಷಗಳನ್ನು ಬೇಗ ದಾಟುತ್ತೇನೆ, ಯಾಕೆಂದರೆ ಅಲ್ಲಿ ಏರಿಳಿತ ಜಾಸ್ತಿ. 2001ರಲ್ಲಿ ಒಂದು ಸಂಗೀತ ನಾಟಕ, 2004ರಲ್ಲಿ ಟ್ರಫಾಲ್ಗರ್ ಚೌಕದಲ್ಲಿ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಮೂಕಿ ಚಿತ್ರಕ್ಕೆ ಆರ್ಕೆಸ್ಟ್ರಾ ಜೊತೆ ಹಿನ್ನೆಲೆ ಸಂಗೀತ, 2011ರಲ್ಲಿ ಬ್ಯಾಲೆ, 2014ರಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಬದುಕಿನ ಬಗ್ಗೆ ಒಂದು ದೊಡ್ಡ ಸಂಗೀತ ಕೃತಿ. ಆಲ್ಬಮ್ಮುಗಳಲ್ಲಿ ಕೆಲವು ನನಗೆ ಸಪ್ಪೆ. 2013ರ 'ಎಲೆಕ್ಟ್ರಿಕ್' ಮಾತ್ರ ಐವತ್ತು ದಾಟಿದವರು ಮಾಡಿದ್ದು ಅಂದರೆ ನಂಬಲಾಗದ ಹಾಗೆ ಕುಣಿಸುತ್ತದೆ. 2024ರಲ್ಲಿ 'ನನ್‌ದಿಲೆಸ್' ಬಂತು, ಅದೂ ಒಂದೇ ಪದ.

ಲೋ ಹಾಡಿದ್ದೇ ಇಲ್ಲವಾ ಅಂತ ಕೇಳಿದರೆ, 1986ರ 'ಪನಿನಾರೊ' ಇದೆ. ಮಿಲಾನ್‌ನಲ್ಲಿ ಬ್ರ್ಯಾಂಡ್ ಬಟ್ಟೆ ಹಾಕಿಕೊಂಡು ಸುತ್ತುತ್ತಿದ್ದ ಹುಡುಗರ ಬಗ್ಗೆ ಬರೆದ ಹಾಡು ಅದು. ಹಾಡುವುದು ಅನ್ನುವುದಕ್ಕಿಂತ ಪದಗಳ ಪಟ್ಟಿಯನ್ನು ಓದುತ್ತಾರೆ ಅನ್ನಬೇಕು. ಅಭಿಮಾನಿಗಳಿಗೆ ಅದು ಪ್ರಾಣ.

2022ರಲ್ಲಿ ಶುರುವಾದ 'ಡ್ರೀಮ್‌ವರ್ಲ್ಡ್' ಪ್ರವಾಸದಲ್ಲಿ ಬರೀ ಹಿಟ್ ಹಾಡುಗಳೇ. 'ಇಟ್ಸ್ ಎ ಸಿನ್', 'ಗೋ ವೆಸ್ಟ್' ಎಲ್ಲಾ ಆಗಿ, ಕೊನೆಗೆ ಮತ್ತೆ ವೇದಿಕೆಗೆ ಬಂದು 'ವೆಸ್ಟ್ ಎಂಡ್ ಗರ್ಲ್ಸ್' ಹಾಡಿ, ಅದೂ ಮುಗಿದ ಮೇಲೆ ಇನ್ನೊಂದು. ಆ ಕೊನೆಯ ಹಾಡು, 20ನೇ ಸ್ಥಾನಕ್ಕೆ ನಿಂತು ಸೋತಿದ್ದ 'ಬೀಯಿಂಗ್ ಬೋರಿಂಗ್'. ಸಾವಿರಾರು ಜನ ಜೊತೆಗೆ ಹಾಡುತ್ತಿರುತ್ತಾರೆ. ಲೋ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಕೀಬೋರ್ಡ್ ಹಿಂದೆ ನಿಂತಿರುತ್ತಾರೆ, ನಗದೆ.